ಮೂರನೇ ವರ್ಷ ಏನಾಯಿತು

ನಾನು ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಓದುವಾಗ ಅರವತ್ತು ಪರ್ಸೆಂಟ್ ಬಂದರೆ ಫಸ್ಟ್ ಕ್ಲಾಸ್. ಫಸ್ಟ್ ಕ್ಲಾಸ್ ಬಂದವರ ಮನೆಯಲ್ಲಿ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಅದೇ ಅರವತ್ತನ್ನು ಅಮೆರಿಕದಲ್ಲಿ ಯಾರಿಗಾದರೂ ತೋರಿಸಿದರೆ ಅಯ್ಯೋ ಪಾಪ ಅನ್ನುವ ಮುಖ ಮಾಡುತ್ತಾರೆ. ಇದು ನನಗೆ ಗೊತ್ತಾದದ್ದು ತೊಂಬತ್ತರ ದಶಕದ ನಡುವೆ, ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ, ನರ್ಸಿಂಗ್ ಓದಿಯೇ ತೀರುತ್ತೇನೆಂದು ಹಟ ಹಿಡಿದು ಕೂತಾಗ.

ಆಗ ಹೊಸದಾಗಿ ಒಂದು ಕೋರ್ಸ್ ಶುರುವಾಗಿತ್ತು. ಬೇರೆ ಯಾವುದಾದರೂ ವಿಷಯದಲ್ಲಿ ಡಿಗ್ರಿ ಮುಗಿಸಿದವರಿಗೆ ನಾಲ್ಕು ವರ್ಷದ ನರ್ಸಿಂಗನ್ನು ಒಂದೂವರೆ ವರ್ಷದಲ್ಲಿ ಕಲಿಸಿ ಕಳಿಸುತ್ತಿದ್ದರು. ಆಕ್ಸಲರೇಟೆಡ್ ಪ್ರೋಗ್ರಾಮ್ ಎಂದು ಹೆಸರು. ಅದಕ್ಕೆ ಹಳೆಯ ಡಿಗ್ರಿಯ ಜಿಪಿಎ, ಅಂದರೆ ಇಲ್ಲಿಯ ಲೆಕ್ಕದ ಸರಾಸರಿ, ನಾಲ್ಕಕ್ಕೆ ಮೂರಾದರೂ ಇರಬೇಕಿತ್ತು. ನನ್ನ ಅಂಕಪಟ್ಟಿಗಳನ್ನು ಇಲ್ಲಿಯ ಒಂದು ಕಚೇರಿಗೆ ಕಳಿಸಿದೆ. ಅವರು ನಮ್ಮ ಮಾರ್ಕ್ಸನ್ನು ತಮ್ಮ ಲೆಕ್ಕಕ್ಕೆ ಇಳಿಸಿ, ಎರಡೂವರೆಯನ್ನೂ ಮುಟ್ಟದ ಒಂದು ಅಂಕೆಯನ್ನು ಬರೆದು ವಾಪಸ್ ಕಳಿಸಿದರು. ಮೊದಲೆರಡು ವರ್ಷ ಪರವಾಗಿರಲಿಲ್ಲ, ಮೂರನೇ ವರ್ಷ ಮಾತ್ರ ಪೂರ್ತಿ ಕುಸಿದಿತ್ತು. ಕಾಲೇಜಿನ ಆಫೀಸಿನಲ್ಲಿದ್ದ ಹುಡುಗಿ ಅದನ್ನು ನೋಡಿ, ಬೇರೆ ಯಾವುದಾದರೂ ಕೋರ್ಸ್ ಯೋಚಿಸಿದ್ದೀರಾ ಎಂದು ಬಹಳ ನಯವಾಗಿ ಕೇಳಿದಳು. ಇಲ್ಲ ಎಂದೆ. ನಾನು ಹಾಗೆ ಅಂದ ದನಿ ಅಷ್ಟು ನಯವಾಗಿರಲಿಲ್ಲ.

ನರ್ಸಿಂಗ್ ಯಾಕೆ ಅಂತ ಎಲ್ಲರೂ ಕೇಳುತ್ತಿದ್ದರು. ಹತ್ತಿರದ ಕೊಲಂಬಿಯಾ ಎಂಬ ಊರಿನ ಒಂದು ಶಾಲೆಯ ಕೆಫೆಟೇರಿಯಾದಲ್ಲಿ ನಮ್ಮ ಕನ್ನಡದವರೆಲ್ಲ ಹಬ್ಬಕ್ಕೆ ಸೇರುತ್ತಿದ್ದೆವು. ಬಿಸಿಬೇಳೆಬಾತು, ಚಿತ್ರಾನ್ನ, ಯಾರೋ ಒಬ್ಬರು ಮಕ್ಕಳಿಗಾಗಿ ತಂದ ಪೀಜಾ. ಗಂಡಸರು ಗ್ರೀನ್ ಕಾರ್ಡ್ ವಿಷಯ ಮಾತಾಡುತ್ತ ನಿಂತರೆ ನಾವು ಹೆಂಗಸರು ಒಬ್ಬರಿಂದೊಬ್ಬರು ಸಿನಿಮಾ ಕ್ಯಾಸೆಟ್ ಇಸಿದುಕೊಳ್ಳುತ್ತಿದ್ದೆವು. ಅಲ್ಲಿ ಮೈಸೂರಿನ ಕಡೆಯ ಒಬ್ಬ ಆಂಟಿ ನನ್ನನ್ನು ಪಕ್ಕಕ್ಕೆ ಕರೆದು, "ಎಲ್ಲರೂ ಕಂಪ್ಯೂಟರ್ ಕೋರ್ಸ್ ಮಾಡ್ತಿದಾರೆ, ನೀನೂ ಜಾಯಿನ್ ಆಗಬಾರ್ದಾ? ನರ್ಸ್ ಆಗೋವಂಥ ಕಷ್ಟ ಏನಮ್ಮ ಬಂದಿದೆ ನಿಮ್ಮನೇಲಿ?" ಎಂದರು.

"ಕಷ್ಟ ಏನೂ ಇಲ್ಲ ಆಂಟಿ, ನನಗೆ ಇಷ್ಟ ಇದೆ," ಎಂದೆ. ಅವರು ನಂಬಲಿಲ್ಲ. ಮನೆಗೆ ಹೋಗುವಾಗ ಕಾರಿನಲ್ಲಿ ನನ್ನ ಗಂಡ, ಅಷ್ಟು ಗಟ್ಟಿಯಾಗಿ ಹೇಳಬೇಕಿತ್ತಾ ಎಂದು ನಕ್ಕರು.

ಇಷ್ಟ ಹುಟ್ಟಿದ್ದು ಧಾರವಾಡದಲ್ಲಿ. ನಮ್ಮ ಅತ್ತೆ ಹಾಸಿಗೆ ಹಿಡಿದಾಗ ನಾನು ಪುಟ್ಟ ಮಗಳನ್ನು ಕಟ್ಟಿಕೊಂಡು ಹೋಗಿ ಕೆಲವು ತಿಂಗಳು ಅವರ ಹತ್ತಿರ ಇದ್ದೆ. ಮೈ ಒರೆಸುವುದು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ತಿರುಗಿಸುವುದು, ಗಂಟಲಲ್ಲಿ ಸಿಕ್ಕದ ಹಾಗೆ ಗಂಜಿ ಕುಡಿಸುವುದು, ಎಲ್ಲ ಅಲ್ಲಿಯೇ ಕಲಿತೆ. ಅತ್ತೆ ಉಳಿಯಲಿಲ್ಲ. ಆದರೆ ಆ ಕೆಲಸ ನನಗೆ ಬರುತ್ತದೆ ಎಂದು ಆಗ ತಿಳಿಯಿತು. ಅದಕ್ಕೂ ಮೊದಲು ನನಗೆ ಯಾವುದೇ ಕೆಲಸ ಚೆನ್ನಾಗಿ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ, ನನಗೂ ಅನಿಸಿರಲಿಲ್ಲ.

ವಾಪಸ್ ಬಂದ ಮೇಲೆ ರಾಕ್‌ವಿಲ್‌ನ ಒಂದು ನರ್ಸಿಂಗ್ ಹೋಮ್‌ನಲ್ಲಿ ಸಹಾಯಕಿಯಾಗಿ ಸೇರಿಕೊಂಡೆ. ನಮ್ಮೂರಿನಲ್ಲಿ ನರ್ಸಿಂಗ್ ಹೋಮ್ ಅಂದರೆ ಸಣ್ಣ ಆಸ್ಪತ್ರೆ, ಇಲ್ಲಿ ವಯಸ್ಸಾದವರು ಇರುವ ಜಾಗ. ಬೆಳಿಗ್ಗೆ ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಕೆಲಸಕ್ಕೆ ಹೋಗುವುದು, ಸಂಜೆ ಕಮ್ಯುನಿಟಿ ಕಾಲೇಜಿನಲ್ಲಿ ಅನಾಟಮಿ, ಮೈಕ್ರೋಬಯಾಲಜಿ ಓದುವುದು. ಅಡುಗೆ ಮಾಡುತ್ತ ಎಲುಬುಗಳ ಹೆಸರು ಬಾಯಿಪಾಠ ಮಾಡುತ್ತಿದ್ದೆ. ನಾನು ತಪ್ಪಿದರೆ ಮಗಳು "ನೋ ಅಮ್ಮ, ದಟ್ಸ್ ದಿ ಅದರ್ ಒನ್" ಎಂದು ಕುರ್ಚಿಯ ಮೇಲೆ ನಿಂತು ತನ್ನ ಮೊಣಕಾಲು ತೋರಿಸುತ್ತಿದ್ದಳು. ಎರಡು ಬೆಡ್‌ರೂಮಿನ ಆ ಅಪಾರ್ಟ್‌ಮೆಂಟು, ಒಲೆಯ ಮೇಲಿನ ಕುಕ್ಕರ್, ಗೋಡೆಗೆ ಅಂಟಿಸಿದ ಅಸ್ಥಿಪಂಜರದ ಚಿತ್ರ ನೆನೆದರೆ ಈಗಲೂ ಹೊಟ್ಟೆಯೊಳಗೆ ಏನೋ ಬೆಚ್ಚಗಾಗುತ್ತದೆ. ನಾನು ಅಷ್ಟು ಖುಷಿಯಾಗಿದ್ದೆ ಅಂತ ಆಗ ಗೊತ್ತಿರಲಿಲ್ಲ.

ಕಮ್ಯುನಿಟಿ ಕಾಲೇಜಿನಲ್ಲಿ ಎಲ್ಲದರಲ್ಲೂ ಎ ಗ್ರೇಡ್ ಬಂತು. ಆದರೆ ಹಳೆಯ ಡಿಗ್ರಿ ಅಳಿಸಿ ಹೋಗುತ್ತದೆಯೇ? ಮೊದಲ ಸಲ ಅರ್ಜಿ ಹಾಕಿದಾಗ ಸೀಟಿಲ್ಲ ಎಂದರು. ಎರಡನೇ ಸಲವೂ ಇಲ್ಲ ಎಂದರು. ಇನ್ನೊಂದು ಸಲ ನೋಡುತ್ತೇನೆ, ಆಗಲಿಲ್ಲ ಅಂದರೆ ಆ ಆಂಟಿ ಹೇಳಿದ ಹಾಗೆ ಕಂಪ್ಯೂಟರ್ ಕೋರ್ಸಿಗೆ ಹೋಗುತ್ತೇನೆ ಎಂದು ಗಂಡನಿಗೆ ಮಾತು ಕೊಟ್ಟೆ. ಕೊಟ್ಟ ಮೇಲೆ ಬಾತ್‌ರೂಮಿಗೆ ಹೋಗಿ ಕಣ್ಣೀರು ಹಾಕಿದೆ. ಮೂರನೇ ಸಲ ಇಂಟರ್‌ವ್ಯೂಗೆ ಕರೆದರು.

ಅದೇ ಶರತ್ಕಾಲದಲ್ಲಿ ನಮ್ಮ ಮಾವ ಧಾರವಾಡದಿಂದ ಬಂದು ನಮ್ಮ ಜೊತೆ ಇದ್ದರು. ರಿಟೈರಾದ ಹೆಡ್‌ಮಾಸ್ತರರು. ಬೆಳಿಗ್ಗೆ ಕೋಟು ಹಾಕಿಕೊಂಡು ಅಪಾರ್ಟ್‌ಮೆಂಟಿನ ಸುತ್ತ ವಾಕಿಂಗ್ ಹೋಗಿ, ಎದುರಿಗೆ ಸಿಕ್ಕವರಿಗೆಲ್ಲ ಗುಡ್ ಮಾರ್ನಿಂಗ್ ಹೇಳಿ, ಉತ್ತರ ಕೊಡದವರ ಬಗ್ಗೆ ಮನೆಗೆ ಬಂದು ದೂರು ಹೇಳುತ್ತಿದ್ದರು. ಪೇಪರನ್ನು ಮೊದಲಿನಿಂದ ಕೊನೆಯವರೆಗೆ, ಅಂಗಡಿಗಳ ಸೇಲ್ ಜಾಹೀರಾತನ್ನೂ ಬಿಡದೆ ಓದುತ್ತಿದ್ದರು. ಅತ್ತೆ ಹೋದ ಮೇಲೆ ಮಾತು ಕಮ್ಮಿಯಾಗಿತ್ತು, ಆದರೆ ಯಾರದಾದರೂ ಓದಿನ ವಿಷಯ ಬಂದರೆ ಹಳೆಯ ದನಿ ವಾಪಸ್ ಬರುತ್ತಿತ್ತು.

ಇಂಟರ್‌ವ್ಯೂ ವಿಷಯ ಕೇಳಿ, "ನಿನ್ನ ಮಾರ್ಕ್ಸ್ ಕಾರ್ಡ್ ತಾ ನೋಡೋಣು," ಎಂದರು. ಕೊಟ್ಟೆ. ಕನ್ನಡಕ ಏರಿಸಿ ಮೊದಲನೇ ವರ್ಷ ನೋಡಿದರು, ಎರಡನೇ ವರ್ಷ ನೋಡಿದರು, ಸರಿ ಎಂಬಂತೆ ತಲೆಯಾಡಿಸಿದರು. ಮೂರನೆಯದನ್ನು ನೋಡಿ, ಪರೀಕ್ಷೆಯಲ್ಲಿ ನಪಾಸಾದ ಹುಡುಗನನ್ನು ಎದುರು ನಿಲ್ಲಿಸಿಕೊಂಡ ದನಿಯಲ್ಲಿ ಕೇಳಿದರು:

"ಮೂರನೇ ವರ್ಷ ಏನಾತವಾ?"

"ಲಗ್ನ ಆತ್ರಿ, ಮಾಮಾ," ಎಂದೆ.

ಅಷ್ಟೇ ಹೇಳಿದ್ದು. ಅವರು ಕಾರ್ಡಿನ ಮೇಲಿನ ತಿಂಗಳು ನೋಡಿದರು. ಎಲ್ಲ ನೆನಪಾಗಿರಬೇಕು. ಮಗ ಅಮೆರಿಕದಿಂದ ಸ್ವಲ್ಪ ದಿನದ ರಜೆ ಹಾಕಿ ಬಂದಿದ್ದ. ಆಮೇಲೆ ಅಧಿಕ ಮಾಸ ಬರುವುದಿತ್ತು, ಅದರಲ್ಲಿ ಮದುವೆ ಮಾಡುವ ಹಾಗಿಲ್ಲ. ಪರೀಕ್ಷೆ ಮುಗಿಯಲಿ ಎಂದು ನಮ್ಮಪ್ಪ ಅಂದಾಗ, ಪರೀಕ್ಷಾ ಪ್ರತಿವರ್ಷ ಬರ್ತದ, ಇಂಥಾ ಮುಹೂರ್ತ ಬರೂದಿಲ್ಲ ಎಂದು ಪಂಚಾಂಗ ಮಡಿಚಿದವರು ಈ ಹೆಡ್‌ಮಾಸ್ತರರೇ. ಕೆಮಿಸ್ಟ್ರಿ ಪೇಪರು ಒಂದು ಕಡೆ, ಜೂವಾಲಜಿ ಪ್ರಾಕ್ಟಿಕಲ್ ಇನ್ನೊಂದು ಕಡೆ, ನಡುವೆ ನನ್ನ ಮದುವೆ. ಅರಿಸಿನದ ಕೈಯಲ್ಲಿ ಕಪ್ಪೆ ಕೊಯ್ಯಲು ಹೋದಾಗ ಎಕ್ಸಾಮಿನರ್ ನಕ್ಕು, ಏನಮ್ಮಾ ಮದುಮಗಳೇ ಎಂದಿದ್ದರು. ನಾನೂ ನಕ್ಕಿದ್ದೆ. ಪಾಸ್ ಮಾಡಿದ್ದೇ ಹೆಚ್ಚು.

ಮಾವ ಕಾರ್ಡನ್ನು ನನ್ನ ಕೈಗೆ ಕೊಟ್ಟು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತರು. ಆ ದಿನ ಚಹಾ ಬೇಡವೆಂದರು.

ಇಂಟರ್‌ವ್ಯೂ ದಿನ ಗಂಡ ಆಫೀಸಿಗೆ ಹೋಗಲೇಬೇಕಿತ್ತು. ನಾನು ರೆಡಿಯಾಗಿ ಬಂದು ನೋಡಿದರೆ ಮಾವ ಕೋಟು, ಕರಿ ಟೊಪ್ಪಿಗೆ ಹಾಕಿಕೊಂಡು ಬಾಗಿಲ ಹತ್ತಿರ ಬೂಟಿನ ಲೇಸು ಕಟ್ಟುತ್ತಿದ್ದಾರೆ.

"ಎಲ್ಲಿಗೆ ಹೊಂಟೀರಿ?"

"ನಿನ್ನ ಕೂಡ. ಅಡ್ಮಿಶನ್ ಅಂದಮ್ಯಾಲೆ ಪಾಲಕರು ಬರಬೇಕು. ನನ್ನ ಸಾಲ್ಯಾಗ ಪಾಲಕರಿಲ್ಲದ ಬಂದವರನ್ನ ನಾ ಹೊಳ್ಳಿ ಕಳಸ್ತಿದ್ದೆ."

"ಇಲ್ಲೆ ಹಂಗಿಲ್ರಿ, ಮಾಮಾ. ನಾ ಒಬ್ಬಾಕಿನ ಹೋಗಬೇಕು."

"ಒಬ್ಬಾಕಿನ ಹೋದ್ರ ಮನಿಯವರಿಗೆ ಮನಸ್ಸಿಲ್ಲ ಅಂತ ತಿಳ್ಕೋತಾರ," ಎಂದರು.

ವಾದ ಮಾಡಲು ಹೊತ್ತಿರಲಿಲ್ಲ. ಕಾರಿನಲ್ಲಿ ಕೂತಿರಲಿ ಬಿಡು ಎಂದುಕೊಂಡು ಹೊರಟೆ. ದಾರಿಯುದ್ದಕ್ಕೂ ನನ್ನ ಉತ್ತರ ಪ್ರಾಕ್ಟೀಸ್ ಮಾಡುತ್ತಿದ್ದೆ. ಮೂರನೇ ವರ್ಷದ ಬಗ್ಗೆ ಖಂಡಿತ ಕೇಳುತ್ತಾರೆ. ಅದಕ್ಕೆ "ವೈಯಕ್ತಿಕ ಕಾರಣಗಳಿಂದ" ಎಂದು ಶುರುವಾಗುವ ಇಂಗ್ಲಿಷ್ ಉತ್ತರವನ್ನು ಕಮ್ಯುನಿಟಿ ಕಾಲೇಜಿನ ಕೌನ್ಸೆಲರ್ ಹತ್ತಿರ ಕೂತು ತಯಾರು ಮಾಡಿದ್ದೆ. ಮದುವೆ ಎಂದು ಹೇಳಬೇಡ, ನಾಳೆ ಮನೆಯವರು ಹೇಳಿದರೆ ಈಕೆ ಓದನ್ನೇ ಬಿಡುತ್ತಾಳೆ ಅಂದುಕೊಳ್ಳುತ್ತಾರೆ ಎಂದು ಆಕೆ ನನಗೆ ಚೆನ್ನಾಗಿ ಎಚ್ಚರಿಕೆ ಕೊಟ್ಟಿದ್ದಳು.

ಮಾವ ಕಾರಿನಲ್ಲಿ ಕೂರಲಿಲ್ಲ. ಲಾಬಿಯಲ್ಲೂ ಕೂರಲಿಲ್ಲ. ನನ್ನ ಹೆಸರು ಕರೆದಾಗ ನನಗಿಂತ ಮೊದಲು ಎದ್ದರು. ತಡೆಯಲು ಹೋದರೆ ಅಲ್ಲಿ ಕೂತವರ ಎದುರು ಜಗಳ ಆಗುತ್ತದೆ. ಹಲ್ಲು ಕಚ್ಚಿಕೊಂಡು ಒಳಗೆ ಹೋದೆ, ಅವರು ಹಿಂದೆಯೇ ಬಂದರು.

ಪ್ರೋಗ್ರಾಮಿನ ಡೈರೆಕ್ಟರ್ ಒಬ್ಬ ಕಪ್ಪು ಹೆಂಗಸು, ಅರವತ್ತರ ಹತ್ತಿರ, ಗಿಡ್ಡ ನೆರೆಗೂದಲು. ಎಷ್ಟೋ ವರ್ಷ ಆಸ್ಪತ್ರೆಯ ವಾರ್ಡುಗಳನ್ನು ಆಳಿದವರು ಎಂದು ಅವರು ಕುರ್ಚಿ ತೋರಿಸಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಇವರು ಯಾರು ಎಂದು ಕೇಳಿದರು. ನಮ್ಮ ಮಾವ ಎಂದೆ. ಮಾವ ಕೈ ಜೋಡಿಸಿ, ಕೂತುಕೊಳ್ಳಿ ಎನ್ನುವವರೆಗೆ ನಿಂತೇ ಇದ್ದರು.

"ಕೂತುಕೊಳ್ಳಿ ಸರ್, ಆದರೆ ಪ್ರಶ್ನೆಗಳು ಆಕೆಗೆ," ಎಂದರು ಡೈರೆಕ್ಟರ್. ನನ್ನ ಫೈಲ್ ತಿರುವಿದರು. "ಇಲ್ಲಿ ಓದಿದ್ದೆಲ್ಲ ಬಹಳ ಚೆನ್ನಾಗಿದೆ. ಮೊದಲೆರಡು ವರ್ಷವೂ ಸರಿ. ಮೂರನೇ ವರ್ಷ ಏನಾಯಿತು?"

ನಾನು ಬಾಯಿ ತೆರೆದೆ. ಮಾವ ಎದ್ದು ನಿಂತರು. ಇನ್‌ಸ್ಪೆಕ್ಟರ್ ಬಂದಾಗ ಕ್ಲಾಸಿನಲ್ಲಿ ಎದ್ದು ನಿಲ್ಲುವುದನ್ನು ಅವರು ಮೂವತ್ತು ವರ್ಷ ಹುಡುಗರಿಗೆ ಕಲಿಸಿದವರು.

"ಮೇಡಮ್," ಎಂದರು ತಮ್ಮ ಶಾಲೆಯ ಇಂಗ್ಲಿಷಿನಲ್ಲಿ, "ಆ ವರ್ಷದ ತಪ್ಪು ನನ್ನದು. ಮದುವೆಯ ದಿನ ನಿಶ್ಚಯ ಮಾಡಿದವನು ನಾನು. ಪರೀಕ್ಷೆಯ ನಡುವೆ ಮಾಡಿದೆ. ಯಾಕೆಂದರೆ ಆ ವರ್ಷ ನಮ್ಮಲ್ಲಿ ಹದಿಮೂರು ತಿಂಗಳು ಇದ್ದವು."

ಡೈರೆಕ್ಟರ್ ಪೆನ್ ಕೆಳಗಿಟ್ಟರು. "ಹದಿಮೂರು?"

"ಹೌದು ಮೇಡಮ್. ಕೆಲವು ವರ್ಷ ಒಂದು ತಿಂಗಳು ಹೆಚ್ಚಿಗೆ ಬರುತ್ತದೆ. ಆ ತಿಂಗಳಲ್ಲಿ ಯಾರೂ ಮದುವೆಯಾಗುವುದಿಲ್ಲ."

"ಪರೀಕ್ಷೆ?"

"ಪರೀಕ್ಷೆ ನಡೆಯುತ್ತದೆ ಮೇಡಮ್," ಎಂದರು ಮಾವ ಸಣ್ಣ ದನಿಯಲ್ಲಿ.

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಯಾವ ಮಾತನ್ನು ಹೇಳಬಾರದು ಎಂದು ಅಷ್ಟು ಕಷ್ಟಪಟ್ಟು ಕಲಿತಿದ್ದೆನೋ ಅದನ್ನೇ ಅವರು ಪಂಚಾಂಗ ಸಮೇತ ಬಿಚ್ಚಿಟ್ಟಿದ್ದರು. ಸಿಟ್ಟಿಗೆ ಕಿವಿ ಕಾದಿತ್ತು. ಮೂರನೇ ಸಲವೂ ಹೋಯಿತು, ಇನ್ನು ಕಂಪ್ಯೂಟರ್ ಕ್ಲಾಸೇ ಗತಿ ಎಂದುಕೊಂಡೆ.

ಡೈರೆಕ್ಟರ್ ಮಾವನಿಗೆ ಥ್ಯಾಂಕ್ಸ್ ಹೇಳಿ, ನನ್ನ ಕಡೆ ತಿರುಗಿದರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. "ನಿಮಗೆ ಒಂದೇ ಪ್ರಶ್ನೆ. ನಾಳೆ ನೀವು ನರ್ಸ್ ಆಗಿದ್ದೀರಿ. ಪೇಶಂಟನ್ನು ಏನೋ ಕೇಳುತ್ತೀರಿ. ಪಕ್ಕದಲ್ಲಿ ಕೂತ ಮನೆಯವರು ಉತ್ತರ ಕೊಡುತ್ತಾರೆ. ಏನು ಮಾಡುತ್ತೀರಿ?"

ಪ್ರಾಕ್ಟೀಸ್ ಮಾಡಿದ್ದೆಲ್ಲ ತಲೆಯಿಂದ ಹಾರಿಹೋಗಿತ್ತು. ಇದ್ದದ್ದು ಸಿಟ್ಟೊಂದೇ. ಅದೇ ಬಾಯಿಗೆ ಬಂತು.

"ಮನೆಯವರನ್ನು ಹೊರಗೆ ಕಳಿಸುವುದಿಲ್ಲ," ಎಂದೆ. "ಕುರ್ಚಿ ಹಾಕಿ ಕೂರಿಸುತ್ತೇನೆ. ಅವರಿಗೂ ಹೆದರಿಕೆ ಇರುತ್ತದೆ, ಅದಕ್ಕೇ ಮಾತಾಡುತ್ತಾರೆ. ಅವರು ಹೇಳುವುದನ್ನು ಪೂರ್ತಿ ಕೇಳುತ್ತೇನೆ. ಆಮೇಲೆ ಪೇಶಂಟಿನ ಮುಖಕ್ಕೆ ಮುಖ ಕೊಟ್ಟು ಕೂತು, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತೇನೆ. ಪೇಶಂಟೇ ಉತ್ತರ ಕೊಡುವವರೆಗೆ ಅಲ್ಲಿಂದ ಏಳುವುದಿಲ್ಲ."

"ಇದನ್ನು ಎಲ್ಲಿ ಕಲಿತಿರಿ?"

ಮಾವ ಪಕ್ಕದಲ್ಲೇ ಇದ್ದರು. ಆದರೂ ಹೇಳಿಬಿಟ್ಟೆ. ನಮ್ಮ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರ್ ಬಂದು ಹೇಗಿದ್ದೀರಿ ಎಂದರೆ ಸುತ್ತ ನಿಂತವರೆಲ್ಲ ಆರಾಮ ಇದ್ದಾರೆ ಅನ್ನುತ್ತಿದ್ದರು. ಡಾಕ್ಟರ್ ಬರೆದುಕೊಂಡು ಹೋಗುತ್ತಿದ್ದರು. ಒಂದು ದಿನ ಎಲ್ಲರೂ ಊಟಕ್ಕೆ ಹೋದಾಗ ನಾನು, ನೋವು ಅದ ಏನ್ರಿ ಎಂದು ಕೇಳಿದೆ. ಅತ್ತೆ ನನ್ನನ್ನೇ ನೋಡಿ, ಭಾಳ ನೋವು ಅದ, ಇಷ್ಟು ದಿನ ನನಗ ಯಾರೂ ಕೇಳಲಿಲ್ಲ ಎಂದರು. ನಾನು ಹೋಗಿ ನರ್ಸನ್ನು ಕರೆದುಕೊಂಡು ಬಂದೆ. ಅವತ್ತಿನಿಂದ ಅವರಿಗೆ ನೋವಿನ ಔಷಧಿ ಶುರುವಾಯಿತು.

ಮಾವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಡೈರೆಕ್ಟರ್ ಎದ್ದು ನಮ್ಮಿಬ್ಬರ ಕೈಯನ್ನೂ ಕುಲುಕಿ, ತಿಳಿಸುತ್ತೇವೆ ಎಂದರು. ಹಿಂದಿನ ಎರಡು ಸಲ ಅರ್ಜಿ ಕೊಟ್ಟಾಗಲೂ ಆಫೀಸಿನವರು ಹಾಗೇ ಅಂದಿದ್ದರು.

ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ಹಾಕಿದ್ದೇ ತಡ, ನಾನು ಅವರ ಮೇಲೆ ಹರಿಹಾಯ್ದೆ. ಅಷ್ಟು ವರ್ಷದಲ್ಲಿ ಮಾವನ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. "ನೀವ್ಯಾಕ ಒಳಗ ಬಂದ್ರಿ, ಮಾಮಾ? ನಾ ಹೇಳಿರಲಿಲ್ಲೇನು? ಎಲ್ಲಾ ಹಾಳಾತು!"

ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. "ದವಾಖಾನ್ಯಾಗ ಆಕಿ ಆರಾಮ ಇದ್ದಾಳ ಅಂತ ಹೇಳತಿದ್ದಾಂವ ನಾನ," ಎಂದರು.

ಕೀಲಿ ತಿರುಗಿಸಲು ಹೋದವಳು ಕೈ ಹಿಂದೆ ತೆಗೆದೆ.

"ನಿನಗೂ ಯಾರೂ ಕೇಳಲಿಲ್ಲ ಆವಾಗ. ಮುಹೂರ್ತ ಕೇಳಿದ್ವಿ, ಪರೀಕ್ಷಾ ಇದ್ದಾಕಿನ್ನ ಕೇಳಲಿಲ್ಲ." ಗಾಜಿನಾಚೆ ನೋಡುತ್ತಲೇ ಹೇಳುತ್ತಿದ್ದರು. "ಈಗ ಕೇಳತೇನಿ, ಖರೇ ಹೇಳು. ನಿನಗ ಖರೇನ ನರ್ಸ್ ಆಗಬೇಕೇನು? ನನ್ನ ಹೆಂಡತಿನ್ನ ನೋಡ್ಕೊಂಡಿದ್ದಕ್ಕ ಅಲ್ಲ, ಮಂದಿ ಬ್ಯಾಡ ಅಂದ್ರಂತ ಹಟಕ್ಕೂ ಅಲ್ಲ. ನಿನಗ ಬೇಕೇನು?"

ಮದುವೆಯಾಗಿ ಅಷ್ಟು ವರ್ಷವಾಗಿತ್ತು. ಗಂಡ ಒಳ್ಳೆಯವರು, ಯಾವುದಕ್ಕೂ ಬೇಡ ಅಂದವರಲ್ಲ. ಆದರೆ ಬೇಡ ಅನ್ನದೇ ಇರುವುದು ಬೇರೆ, ನಿನಗೆ ಬೇಕೇನು ಎಂದು ಕೇಳುವುದು ಬೇರೆ. ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡು ಅತ್ತುಬಿಟ್ಟೆ.

"ಬೇಕ್ರಿ," ಎಂದೆ.

"ಹಂಗಾರ ಈ ಸಲ ಸಿಗಲಿಲ್ಲಂದ್ರ ಮತ್ತ ಹಾಕು. ಕಂಪ್ಯೂಟರ್ ಬ್ಯಾಡ. ನನ್ನ ಮಗಗ ನಾ ಹೇಳತೇನಿ." ಅಷ್ಟರಲ್ಲಿ ಏನೋ ನೆನಪಾಗಿ ಸರಿಪಡಿಸಿಕೊಂಡರು. "ಇಲ್ಲ, ನೀನ ಹೇಳು."

ಆಮೇಲಿನ ವಾರಗಳು ಬಹಳ ಉದ್ದವಾಗಿದ್ದವು. ಕೆಲಸದಿಂದ ಬಂದ ಕೂಡಲೇ ಫೋನ್ ಸಂದೇಶ ಹಿಡಿದಿಡುವ ಆನ್ಸರಿಂಗ್ ಮಷೀನಿನ ಕೆಂಪು ದೀಪ ಮಿನುಗುತ್ತಿದೆಯೇ ಎಂದು ನೋಡುವುದೇ ಕೆಲಸವಾಯಿತು. ಮಿನುಗಿದರೆ ಟೆಲಿಫೋನ್ ಕಂಪನಿಯವರು, ಇಲ್ಲವೇ ಕೊಲಂಬಿಯಾದ ಆಂಟಿ. ಮಾವ ಅದರ ಬಟನ್ ಒತ್ತುವುದನ್ನು ಕಲಿತು, ನಾನು ಬರುವುದರೊಳಗೆ ಕೇಳಿಟ್ಟುಕೊಂಡು, ಬಾಗಿಲಲ್ಲೇ "ಏನಿಲ್ಲವಾ" ಎಂದು ವರದಿ ಕೊಡುತ್ತಿದ್ದರು. ಹೊರಗೆ ಮರಗಳ ಎಲೆಯೆಲ್ಲ ಉದುರಿ ಮುಗಿದಿತ್ತು. ಮಗಳು ಅಜ್ಜನಿಗೆ ಹ್ಯಾಲೋವೀನ್ ಹಬ್ಬಕ್ಕೆ ಸಿಕ್ಕ ಚಾಕಲೇಟು ತಿನ್ನಿಸುತ್ತಿದ್ದಳು, ಅಜ್ಜ ಅವಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ನನಗೆ ಅನ್ನ ರುಚಿಸುತ್ತಿರಲಿಲ್ಲ.

ಫೋನ್ ಬಂದದ್ದು ನನಗೆ ರಜೆಯಿದ್ದ ಒಂದು ಮಧ್ಯಾಹ್ನ. ಡೈರೆಕ್ಟರೇ ಮಾಡಿದ್ದರು. ಹಳೆಯ ಜಿಪಿಎ ಕಮ್ಮಿ, ಅದನ್ನು ಅಲ್ಲಗಳೆಯುವುದಿಲ್ಲ ಎಂದರು. ಷರತ್ತಿನ ಮೇಲೆ ಸೀಟು ಕೊಡುತ್ತೇವೆ, ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯದಲ್ಲಾದರೂ ಬಿ ಗ್ರೇಡಿಗಿಂತ ಕೆಳಗೆ ಬಂದರೆ ಮನೆಗೆ ಕಳಿಸುತ್ತೇವೆ ಎಂದರು. "ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ಹೇಳಿ. ಆದರೆ ಕ್ಲಾಸಿಗೆ ಕರೆದುಕೊಂಡು ಬರಬೇಡಿ," ಎಂದರು. ಆ ದನಿಯಲ್ಲಿ ನಗು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಜನವರಿಯಲ್ಲಿ ಶುರು. ಮನೆಯವರ ಹತ್ತಿರ ಮಾತಾಡಿ ನಾಳೆ ತಿಳಿಸಿದರೂ ಆಗುತ್ತದೆ."

"ನಾಳೆ ಬೇಡ. ಬರುತ್ತೇನೆ," ಎಂದೆ.

ಫೋನ್ ಇಟ್ಟು ತಿರುಗಿದೆ. ಮಾವ ಸೋಫಾದಲ್ಲಿ ಪೇಪರ್ ಹಿಡಿದು ಕೂತಿದ್ದರು. ನನ್ನ ಕಡೆಯ ಇಂಗ್ಲಿಷ್ ಮಾತಷ್ಟನ್ನೇ ಕೇಳಿ ಪೂರ್ತಿ ವಿಷಯ ತಿಳಿದುಕೊಂಡಿದ್ದರು.

"ಹೂಂ ಅಂದಿ?"

"ಹೂಂನ್ರಿ."

"ಅವನ್ನ ಕೇಳಲಿಲ್ಲ?" ಎಂದರು, ಮಗನ ಬಗ್ಗೆ.

"ಇಲ್ರಿ. ಸಂಜಿಗೆ ಹೇಳತೇನಿ."

"ನಾ ಇಲ್ಲೇ ಕೂತೇನಿ. ನನ್ನೂ ಕೇಳಲಿಲ್ಲ."

ನಾನು ಅವರ ಮುಖ ನೋಡಿದೆ. ಎಷ್ಟೆಂದರೂ ಮಾವ. ಮುಂದೆ ನಾವು ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ಗೆ ಬಂದೆವು, ನಾನು ಇಲ್ಲಿಯ ಆಸ್ಪತ್ರೆಗಳಲ್ಲಿ ಕೂದಲು ಬೆಳ್ಳಗಾಗುವಷ್ಟು ವರ್ಷ ನರ್ಸ್ ಕೆಲಸ ಮಾಡಿದೆ, ಎಷ್ಟೋ ಜನರ ಮನೆಯವರ ಮುಖ ನೋಡಿದೆ. ಆದರೆ ಆ ಗಳಿಗೆಯಲ್ಲಿ ನೋಡಿದ ಹಾಗೆ ಒಬ್ಬ ಹಿರಿಯರ ಮುಖವನ್ನು ನಾನು ಅಷ್ಟು ಹೆದರಿ, ಅಷ್ಟು ಪ್ರೀತಿಯಿಂದ ಇನ್ನೆಂದೂ ನೋಡಿಲ್ಲ.

"ಇಲ್ರಿ, ಮಾಮಾ," ಎಂದೆ. "ನಿಮ್ಮನ್ನೂ ಕೇಳಲಿಲ್ಲ."

ಅವರು ಪೇಪರ್ ಪಕ್ಕಕ್ಕಿಟ್ಟರು. ಕನ್ನಡಕ ತೆಗೆದು ಧೋತರದ ತುದಿಯಿಂದ ಕಣ್ಣೊರೆಸಿಕೊಂಡರು. ಆಮೇಲೆ ನಗಲು ಶುರುಮಾಡಿದರು. ಅತ್ತೆ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕೆಮ್ಮು ಬಂದರೂ ನಗು ನಿಲ್ಲಲಿಲ್ಲ.

"ಛಲೋ ಮಾಡಿದಿ," ಎಂದರು. "ಭಾಳ ಛಲೋ ಮಾಡಿದಿ."